ನಿಮಗಿದು ಗೊತ್ತೇ? ಬಲಕ್ಕೆ ಹೋಗಬೇಕಾದರೆ ಮೊದಲು ಎಡಕ್ಕೆ ತಿರುಗಿಸಬೇಕು!

ಸೈಕಲ್ಲನ್ನು ಬಲಕ್ಕೆ ತಿರುಗಿಸುವಾಗ ನಾವೆಲ್ಲ ಹ್ಯಾಂಡಲ್ಲನ್ನು ಮೊದಲು ಒಂದಿಷ್ಟು ಎಡಕ್ಕೆ ತಿರುಗಿಸುತ್ತೇವೆ. ಚಕ್ರ ಎಡಕ್ಕೆ ಸರಿದ ಕೂಡಲೇ ಮೈ ಬಲಕ್ಕೆ ವಾಲುತ್ತದೆ, ವಾಲಿದ ಮೇಲೆ ಹ್ಯಾಂಡಲ್ ಬಲಕ್ಕೆ ಬರುತ್ತದೆ. ಕಲಿತವರ ಕೈಗೆ ಇದು ಗೊತ್ತು, ತಲೆಗೆ ಗೊತ್ತಿಲ್ಲ. ವಿಮಾನಕ್ಕೆ ಕೈಹಾಕುವ ಮೊದಲು ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ರೈಟ್ ಹತ್ತಾರು ಸವಾರರನ್ನು ಈ ಬಗ್ಗೆ ಕೇಳಿ ನೋಡಿದ್ದ. ಮೊದಲ ಸಲಕ್ಕೆ ಸರಿಯಾಗಿ ಹೇಳಿದವರು ಒಬ್ಬರೂ ಸಿಗಲಿಲ್ಲವಂತೆ. ಅನುಮಾನವಿದ್ದರೆ ಶಾಲೆಯ ಮೈದಾನದಲ್ಲಿ ಸ್ವಲ್ಪ ವೇಗವಾಗಿ ಹೋಗುತ್ತಾ ಬಲಗಡೆಯ ಹಿಡಿಯನ್ನು ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ. ಹ್ಯಾಂಡಲ್ ಎಡಕ್ಕೆ ಹೋಗುತ್ತದೆ, ಸೈಕಲ್ ಬಲಕ್ಕೆ ಹೊರಳುತ್ತದೆ. ಮಣ್ಣುದಾರಿಯಲ್ಲಿ ಎದುರಿಗೆ ದಿಢೀರನೆ ಗುಂಡಿ ಕಂಡಾಗ ತಪ್ಪಿಸಿಕೊಳ್ಳುವ ಅತಿ ವೇಗದ ಉಪಾಯ ಇದೇ.

ಮೌಂಟನ್ ಬೈಕ್ ಹುಟ್ಟಿದ್ದು ಹಳೆಯ ಸೈಕಲ್‌ನಿಂದ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿ, ಕಲ್ಲುಮಣ್ಣಿನ ದಾರಿಯಲ್ಲಿ ಬಿಟ್ಟುಕೊಂಡು ಇಳಿಯುತ್ತಿದ್ದರು. 1976ರಲ್ಲಿ ಅದು ಪಂದ್ಯವಾಯಿತು. ಹೆಸರು ‘ರೀಪ್ಯಾಕ್’. ಆ ಸೈಕಲ್ಲುಗಳಿಗಿದ್ದದ್ದು ಪೆಡಲ್ಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನ ಗ್ರೀಸೆಲ್ಲ ಕಾದು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸು ತುಂಬದೆ ಇನ್ನೊಂದು ಸಲ ಇಳಿಯುವಂತಿರಲಿಲ್ಲ. ‘ಮತ್ತೆ ತುಂಬು’ ಎಂಬ ಅರ್ಥದ ಆ ಹೆಸರು ಬಂದದ್ದು ಅಲ್ಲಿಂದ. ಆ ಗುಂಪಿನ ಜೋ ಬ್ರೀಜ್ ಬೆಟ್ಟಕ್ಕೆಂದೇ ಹೊಸ ಫ್ರೇಮು ಕಟ್ಟಿದ್ದು ಮರುವರ್ಷ.

ನಿಮ್ಮ ತಾತನ ಕರಿ ಸೈಕಲ್ಲಿನ ರಿಮ್ಮು ಇವತ್ತಿನ ದೊಡ್ಡ ಚಕ್ರದ ಮೌಂಟನ್ ಬೈಕಿನ ರಿಮ್ಮಿಗಿಂತ ದೊಡ್ಡದು! ‘29 ಇಂಚು’ ಎಂದು ಮಾರುವ ಚಕ್ರದಲ್ಲಿ ಟೈರು ಕೂರುವ ಜಾಗದ ವ್ಯಾಸ 622 ಮಿ.ಮೀ. ಹಳ್ಳಿಗಳಲ್ಲಿ ಇನ್ನೂ ಹಾಲಿನ ಕ್ಯಾನು ಹೊರುತ್ತಿರುವ 28 ಇಂಚಿನ ಬಾರ್ ಸೈಕಲ್ಲಿನದು 635 ಮಿ.ಮೀ. ಟೈರಿನ ದಪ್ಪ ಸೇರಿಸಿದ ಮೇಲಷ್ಟೇ ಹೊಸದು ಮುಂದಾಗುತ್ತದೆ. ಚಕ್ರ ದೊಡ್ಡದಾದಷ್ಟೂ ಗುಂಡಿಯೊಳಕ್ಕೆ ಕಡಿಮೆ ಇಳಿಯುತ್ತದೆ, ಕಲ್ಲಿನ ಮೇಲೆ ಸಲೀಸಾಗಿ ಹತ್ತುತ್ತದೆ. ಮೌಂಟನ್ ಬೈಕ್ ತಯಾರಕರು 26 ಇಂಚಿನಿಂದ 29ಕ್ಕೆ ಬರಲು ದಶಕಗಳನ್ನೇ ತೆಗೆದುಕೊಂಡರು. ನಮ್ಮ ಹಾಸನ ಜಿಲ್ಲೆಯ ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳ ದಾರಿಯಲ್ಲಿ ದೊಡ್ಡ ಚಕ್ರ ಅಷ್ಟು ಹೊತ್ತಿಗಾಗಲೇ ಓಡಾಡಿ ಹಳತಾಗಿತ್ತು.

ಈಗ ಬ್ರೇಕಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಹಲ್ಲು ಉಳಿಯುವ ವಿಷಯ.

‘ಮುಂದಿನ ಬ್ರೇಕ್ ಮುಟ್ಟಬೇಡ, ಮುಗ್ಗರಿಸುತ್ತೀಯ’ ಎಂದು ನಮಗೆಲ್ಲ ಮನೆಯಲ್ಲಿ ಹೇಳಿಕೊಟ್ಟಿದ್ದಾರೆ. ಆದರೆ ಸೈಕಲ್ ನಿಲ್ಲಿಸುವ ಶಕ್ತಿಯಲ್ಲಿ ದೊಡ್ಡ ಪಾಲು ಇರುವುದು ಮುಂದಿನ ಚಕ್ರದಲ್ಲೇ. ಬ್ರೇಕ್ ಹಿಡಿದ ಕೂಡಲೇ ಭಾರವೆಲ್ಲ ಮುಂದಕ್ಕೆ ಹೋಗುತ್ತದೆ. ಹಗುರವಾದ ಹಿಂದಿನ ಚಕ್ರಕ್ಕೆ ನೆಲದ ಹಿಡಿತ ತಪ್ಪಿ ಅದು ಉಜ್ಜಿಕೊಂಡು ಜಾರುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ, ಒಣಗಿದ ಸಮತಟ್ಟು ಡಾಂಬರಿನ ಮೇಲೆ, ಹಿಂದಿನ ಬ್ರೇಕನ್ನಷ್ಟೇ ನಂಬಿದರೆ ನಿಲ್ಲಲು ಸುಮಾರು 14 ಮೀಟರ್ ಬೇಕು. ಮುಂದಿನದನ್ನೂ ಹದವಾಗಿ ಹಿಡಿದರೆ ಸುಮಾರು 7 ಮೀಟರ್ ಸಾಕು. ಬ್ರೇಕಿಗೆ ಕೈಹೋಗುವ ಮೊದಲು ಕಳೆಯುವ ದೂರ ಈ ಲೆಕ್ಕದಲ್ಲಿಲ್ಲ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಚನ್ನರಾಯಪಟ್ಟಣದ ಕಡೆಯಿಂದ ಹಾಸನಕ್ಕೆ ಬರುವ ಬಸ್ಸಿನ ಮುಂದೆ ಆ ಏಳು ಮೀಟರಿನ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಮುಗ್ಗರಿಸುವುದು ಸುಳ್ಳೇ? ಸುಳ್ಳಲ್ಲ. ನೆಟ್ಟಗೆ ಕೂತು, ತೋಳು ಸಡಿಲ ಬಿಟ್ಟು, ಮುಂದಿನ ಬ್ರೇಕನ್ನು ಒಮ್ಮೆಲೇ ಕಚ್ಚಿ ಹಿಡಿದರೆ ಹಿಂದಿನ ಚಕ್ರ ಎದ್ದೇ ಏಳುತ್ತದೆ. ಮದ್ದು ಇರುವುದು ಮೈಯಲ್ಲಿ. ಹಿಡಿಯುವಾಗ ಸೀಟಿನಿಂದ ಎದ್ದು, ಸೊಂಟವನ್ನು ಹಿಂದಕ್ಕೂ ಕೆಳಕ್ಕೂ ಸರಿಸಿ, ತೋಳನ್ನು ಬಿಗಿಮಾಡಿ, ಹಿಮ್ಮಡಿ ಕೆಳಗೊತ್ತಬೇಕು. ಒಂದೋ ಎರಡೋ ಬೆರಳಿನಲ್ಲಿ ಮೆಲ್ಲಗೆ ಶುರುಮಾಡಿ ಬಿಗಿ ಹೆಚ್ಚಿಸುತ್ತಾ ಹೋಗಬೇಕು. ಉಳಿದ ಬೆರಳು ಹ್ಯಾಂಡಲ್ಲಿನ ಮೇಲೇ ಇರಲಿ.

ಇನ್ನೊಂದು ಎಚ್ಚರಿಕೆ: ಡಾಂಬರಿನ ಲೆಕ್ಕ ಜಲ್ಲಿಗೆ ನಡೆಯುವುದಿಲ್ಲ. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಮೊಣಕೈ ಚರ್ಮ ಹೋಗುತ್ತದೆ. ಆದ್ದರಿಂದ ವೇಗವನ್ನು ತಿರುವಿಗೆ ಮುಂಚೆಯೇ, ಸೈಕಲ್ ನೆಟ್ಟಗಿರುವಾಗ ಇಳಿಸಿಕೊಂಡು, ತಿರುವಿನೊಳಗೆ ಬ್ರೇಕು ಬಿಟ್ಟುಬಿಡಿ. ಟೈರಿಗಿರುವುದು ಒಂದೇ ಹಿಡಿತ. ಅದನ್ನು ನಿಲ್ಲುವುದಕ್ಕೂ ತಿರುಗುವುದಕ್ಕೂ ಒಟ್ಟಿಗೆ ಕೇಳಿದರೆ ಎರಡಕ್ಕೂ ಸಾಲುವುದಿಲ್ಲ.

ನಮ್ಮಲ್ಲಿ ಮಾರುವ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕು. ಅಮೆರಿಕದಲ್ಲಿ ಎಡಗೈಯದು. ಪರದೇಶದಿಂದ ಬಂದ ನೆಂಟರ ಸೈಕಲ್ ಹತ್ತುವ ಮೊದಲು ನಿಂತಲ್ಲೇ ಒಂದು ಸಲ ಹಿಡಿದು ನೋಡಿ.

ಹಿಂದಿನ ಚಕ್ರವನ್ನು ಸರ್ರನೆ ಎಳೆದು ದೂಳೆಬ್ಬಿಸುವುದು ಕೌಶಲವಲ್ಲ. ಉರುಳುವ ಚಕ್ರಕ್ಕಿಂತ ಜಾರುವ ಚಕ್ರಕ್ಕೆ ಹಿಡಿತ ಕಡಿಮೆ. ಟೈರೂ ದಂಡ, ದಾರಿಯೂ ದಂಡ.

ಡಿಸೆಂಬರ್, ಜನವರಿಯಲ್ಲಿ ಹಾಸನ ಜಿಲ್ಲೆಯ ರಸ್ತೆಯಲ್ಲಿ ಸೈಕಲ್ ಹೊಡೆಯುವವರಿಗೆ ಎದುರಾಗುವ ಪರೀಕ್ಷೆಯನ್ನು ಯಾವ ವಿದೇಶಿ ಪುಸ್ತಕವೂ ಹೇಳಿಕೊಡುವುದಿಲ್ಲ: ರಸ್ತೆಯ ಮೇಲಿನ ಒಕ್ಕಣೆ. ಕಣ ಮಾಡುವ ಕಷ್ಟ ಯಾರಿಗೆ ಬೇಕೆಂದು ರಾಗಿ ತೆನೆ, ಹುರುಳಿ ಗಿಡವನ್ನೆಲ್ಲ ಡಾಂಬರಿನ ಮೇಲೆ ಹರಡಿರುತ್ತಾರೆ. ಲಾರಿ, ಟ್ರ್ಯಾಕ್ಟರು ತುಳಿದುಕೊಂಡು ಹೋಗುತ್ತವೆ. ರಾಗಿಹುಲ್ಲು ಟೈರಿಗೂ ಡಾಂಬರಿಗೂ ನಡುವೆ ಸೇರಿ ಜಾರಿಸುತ್ತದೆ, ಕೆಳಗೆ ಉದುರಿದ ಕಾಳು ಉರುಳುತ್ತದೆ. ಹುಲ್ಲಿಗೆ ಬರುವ ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೆಟ್ಟಗೆ ಹಿಡಿದು, ಬ್ರೇಕ್ ಮುಟ್ಟದೆ ಹಾಗೇ ಉರುಳಿಕೊಂಡು ದಾಟಬೇಕು. ಮಂಜಿನ ರಾಜ್ಯದವರು ಹಿಮದ ಮೇಲೆ ಮಾಡುವುದೂ ಇದನ್ನೇ.

ಹುರುಳಿಯ ಆಟವೇ ಬೇರೆ. ಅದರ ಬಳ್ಳಿ ಉದ್ದ, ನಾರು ಗಟ್ಟಿ. ಗೇರ್ ಸೈಕಲ್ಲಿನ ಹಿಂದೆ ಚೈನು ಹಾದುಹೋಗುವ ಎರಡು ಪುಟ್ಟ ಗಾಲಿಗಳಿಗೂ ಫ್ರೀವೀಲಿನ ಹಲ್ಲಿಗೂ ಅದು ಸುತ್ತಿಕೊಂಡಿತೆಂದರೆ ಗೇರು ಬದಲಾಗದೆ ಚೈನು ಬಿಗಿಯುತ್ತದೆ. ಜೋರಾಗಿ ತುಳಿದು ಬಿಡಿಸಿಕೊಳ್ಳಲು ಹೋದರೆ ಆ ಗಾಲಿಗಳನ್ನು ಹಿಡಿದಿರುವ ಕೊಕ್ಕೆಯೇ ಬಾಗಿ ಕಡ್ಡಿಗಳಿಗೆ ಸಿಕ್ಕಬಹುದು. ಇಳಿದು, ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿ, ಕೈಯಲ್ಲೇ ಎಳೆದು ತೆಗೆಯಿರಿ. ಕಣದ ಯಜಮಾನರನ್ನು ಬೈಯುವ ಹಾಗಿಲ್ಲ. ಅವರ ರಾಗಿಯ ಮೇಲೆ ಹೋದವರು ನಾವು.

ಕಣ್ಣು ಎಲ್ಲಿಗೋ ಸೈಕಲ್ ಅಲ್ಲಿಗೆ. ಹೇಮಾವತಿ ನಾಲೆಯ ಏರಿಯ ಮೇಲೆ ಹೋಗುವವರು ‘ನೀರಿಗೆ ಬೀಳಬಾರದು’ ಎಂದು ನೀರನ್ನೇ ನೋಡುತ್ತಾ ಹೋದರೆ ನಿಧಾನಕ್ಕೆ ಆ ಕಡೆಗೇ ಸರಿಯುತ್ತಾರೆ. ತಲೆ ತಿರುಗಿದ ಕಡೆಗೆ ಭುಜ, ಭುಜ ತಿರುಗಿದ ಕಡೆಗೆ ಹ್ಯಾಂಡಲ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೈಕಲ್ ಸೆಕೆಂಡಿಗೆ ಐದೂವರೆ ಮೀಟರ್ ಹೋಗುತ್ತದೆ. ಮುಂದಿನ ಚಕ್ರದ ಬುಡವನ್ನೇ ನೋಡುತ್ತಿದ್ದರೆ ಕಲ್ಲು ಕಾಣುವ ಹೊತ್ತಿಗೆ ಅದರ ಮೇಲೆ ಹತ್ತಿಯಾಗಿರುತ್ತದೆ. ನೋಟ 10–15 ಮೀಟರ್ ಮುಂದಿರಲಿ. ನೋಡಬೇಕಾದದ್ದು ಕಲ್ಲನ್ನಲ್ಲ, ಕಲ್ಲಿನ ಪಕ್ಕದ ಜಾಗವನ್ನು.

ಅರಕಲಗೂಡು ತಾಲ್ಲೂಕಿನ ಕೊಣನೂರಿನಲ್ಲಿ ಕಾವೇರಿಗೆ ಅಡ್ಡಲಾಗಿ ತೂಗುಸೇತುವೆ ಇದೆ. ಅಂಥ ಕಡೆ ಹ್ಯಾಂಡಲ್ಲಿನ ಅಗಲ ಲೆಕ್ಕಕ್ಕೆ ಬರುತ್ತದೆ. ಹಳೆಯ ಬಾರ್ ಸೈಕಲ್ಲಿನ ಹ್ಯಾಂಡಲ್ ಕಿರಿದು. ಇವತ್ತಿನ ಮೌಂಟನ್ ಬೈಕಿನದು 70 ಸೆಂ.ಮೀ. ದಾಟುವುದು ಸಾಮಾನ್ಯ. ಅಗಲವಾದಷ್ಟೂ ಒರಟು ದಾರಿಯಲ್ಲಿ ಹತೋಟಿ ಹೆಚ್ಚು, ಇಕ್ಕಟ್ಟಿನಲ್ಲಿ ಬೆರಳಿಗೆ ಅಪಾಯವೂ ಹೆಚ್ಚು. ತೂಗುವ ಸೇತುವೆಯ ಮೇಲಂತೂ ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ಎದುರಿಗೆ ಬರುವವರಿಗೂ ದಾರಿ ಬೇಕಲ್ಲ.

ಹೊಳೆನರಸೀಪುರದ ಮೇಲೆ ಹಾಸನ–ಮೈಸೂರು ರೈಲುಮಾರ್ಗ ಹೋಗುತ್ತದೆ. ಹಳಿಯನ್ನು ನೇರಡ್ಡಲಾಗಿ ದಾಟಿ. ಓರೆಯಾಗಿ ಹೋದರೆ ಟೈರು ಹಳಿಯ ಪಕ್ಕದ ಸಂದಿಗೆ ಬೀಳುತ್ತದೆ. ಮಳೆಯಲ್ಲಿ ನೆನೆದ ಉಕ್ಕಂತೂ ಟೈರನ್ನು ಹಿಡಿದುಕೊಳ್ಳುವುದೇ ಇಲ್ಲ.

ಚನ್ನರಾಯಪಟ್ಟಣ ಸೀಮೆಯ ತೆಂಗಿನ ತೋಟಗಳ ದಾರಿಗೂ ಇದೇ ನಿಯಮ. ಬಿದ್ದ ಗರಿಯ ಮಟ್ಟೆ ನುಣುಪು, ಉಬ್ಬು, ಮೇಲಾಗಿ ಸದಾ ಓರೆಯಾಗಿಯೇ ಬಿದ್ದಿರುತ್ತದೆ. ಅಡ್ಡಲಾಗಿ ಹತ್ತಿಸಿ, ಇಲ್ಲವೇ ಸುತ್ತು ಹಾಕಿ.

ಮೌಂಟನ್ ಬೈಕಿನ ಅತ್ಯುತ್ತಮ ಸಸ್ಪೆನ್ಷನ್ ಅಂಗಡಿಯಲ್ಲಿ ಸಿಗುವುದಿಲ್ಲ. ಸ್ಪ್ರಿಂಗಿನ ಮುಂದಿನ ಫೋರ್ಕು ಬಹುತೇಕ ಸೈಕಲ್ಲುಗಳಲ್ಲಿ 10 ಸೆಂ.ಮೀ. ಆಸುಪಾಸು ಕುಗ್ಗುತ್ತದೆ, ಅಗ್ಗದವುಗಳಲ್ಲಿ ಅದಕ್ಕಿಂತ ಕಡಿಮೆ. ಸೀಟಿನಿಂದ ಎದ್ದು ಮಂಡಿ ಮಡಿಸಿ ನಿಂತರೆ ನಿಮ್ಮ ಕಾಲು ಅದರ ಎರಡರಷ್ಟನ್ನಾದರೂ ನುಂಗುತ್ತದೆ. ಎರಡೂ ಪೆಡಲ್ ಒಂದೇ ಎತ್ತರದಲ್ಲಿ ಅಡ್ಡಡ್ಡ, ಮಂಡಿ ಸಡಿಲ, ಮೊಣಕೈ ಹೊರಕ್ಕೆ, ಗದ್ದ ಹ್ಯಾಂಡಲ್ಲಿನ ಮೇಲಕ್ಕೆ. ಒರಟು ಇಳಿಜಾರಿನ ಎಲ್ಲ ವಿದ್ಯೆಯೂ ಈ ಒಂದು ನಿಲುವಿನಿಂದಲೇ ಶುರು. ಹಿಂದೆಯೂ ಸ್ಪ್ರಿಂಗಿರುವ ಅಗ್ಗದ ‘ಗೇರ್ ಸೈಕಲ್’ ಕೊಡಿಸಿ ಎಂದು ಹತ್ತನೇ ತರಗತಿಯ ಹುಡುಗ ಹಟಹಿಡಿದರೆ ಬೇಡ ಎನ್ನಿ. ತೂಕ ಹೆಚ್ಚು, ಏರಿನಲ್ಲಿ ತುಳಿದ ಶಕ್ತಿಯಲ್ಲಿ ಒಂದು ಪಾಲು ಸ್ಪ್ರಿಂಗು ಕುಣಿಸುವುದಕ್ಕೇ ಖರ್ಚು.

ಪೆಡಲ್ ಅಡ್ಡಡ್ಡ ಇರಲಿ ಎಂದದ್ದು ಚಂದಕ್ಕಲ್ಲ. ಕ್ರ್ಯಾಂಕಿನ ಉದ್ದ ಸಾಮಾನ್ಯವಾಗಿ 17 ಸೆಂ.ಮೀ.; ಅದು ಕೂರುವ ಜಾಗ ನೆಲದಿಂದ ಹೆಚ್ಚೂಕಮ್ಮಿ 30 ಸೆಂ.ಮೀ. ಅಂದಮೇಲೆ ಪೆಡಲ್ ಕೆಳಗೆ ಬಂದಾಗ ಉಳಿಯುವ ಅಂತರ ಒಂದು ಗೇಣೂ ಇಲ್ಲ. ಎತ್ತಿನಗಾಡಿ, ಟ್ರ್ಯಾಕ್ಟರು ಓಡಾಡಿ ಆದ ಕೊರಕಲಿನಲ್ಲಿ ಸೈಕಲ್ ಇಳಿದರೆ ಕೆಳಗಿನ ಪೆಡಲ್ ಪಕ್ಕದ ದಿಬ್ಬಕ್ಕೆ ಬಡಿದು ಎತ್ತಿ ಹಾಕುತ್ತದೆ. ಅಂಥ ಕಡೆ ಪೂರ್ತಿ ಸುತ್ತು ತುಳಿಯದೆ, ಕಾಲು ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ಎಂದು ಕಟಕಟ ತುಳಿಯುತ್ತಾ ಸಾಗುವುದನ್ನು ಪಂದ್ಯಗಾರರು ಬೇರೆಯಾಗಿ ಅಭ್ಯಾಸ ಮಾಡುತ್ತಾರೆ. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತ ನಮ್ಮ ಹಿಂದಿನ ತಲೆಮಾರಿಗೆ ಅದು ಬಾಲಪಾಠ. ಕಾಲು ಎಟುಕದವರಿಗೆ ಅರ್ಧ ಸುತ್ತೇ ಗತಿಯಾಗಿತ್ತು.

ಇಳಿಜಾರಿಗೆ ಸೀಟು ತಗ್ಗಿಸುವ ಉಪಾಯ 1984ರಷ್ಟು ಹಳೆಯದು. ಜೋ ಬ್ರೀಜ್ ಮತ್ತು ಜಾಷ್ ಏಂಜೆಲ್ ‘ಹೈಟ್-ರೈಟ್’ ಎಂಬ ಒಂದು ಸ್ಪ್ರಿಂಗು ಮಾಡಿದರು. ಸವಾರ ಸೈಕಲ್ಲಿನ ಮೇಲಿದ್ದೇ ಸೀಟನ್ನು ಒತ್ತಿ ಇಳಿಸಬಹುದಿತ್ತು, ಬಿಟ್ಟರೆ ತಾನೇ ಮೇಲೆ ಬರುತ್ತಿತ್ತು. ಈಗ ಅದೇ ಕೆಲಸಕ್ಕೆ ಹ್ಯಾಂಡಲ್ಲಿನಲ್ಲೇ ಗುಂಡಿ ಬಂದಿದೆ.

ಮುಂದಿನ ಚಕ್ರ ಎತ್ತಲು ತೋಳಿನ ಬಲ ಬೇಕಿಲ್ಲ. ಮೊದಲು ಎದೆ ತಗ್ಗಿಸಿ ಹ್ಯಾಂಡಲ್ಲನ್ನು ಕೆಳಕ್ಕೊತ್ತಿ, ತಕ್ಷಣ ಸೊಂಟವನ್ನು ಹಿಂದಕ್ಕೆ ಎಸೆದರೆ ಚಕ್ರ ತಾನಾಗಿ ಏಳುತ್ತದೆ. ದಾರಿಗಡ್ಡ ಬಂದ ಮರದ ಬೇರಿಗೆ ಅಷ್ಟು ಸಾಕು.

ಏರಿನಲ್ಲಿ ಎದ್ದು ನಿಂತು ತುಳಿಯುವುದು ಡಾಂಬರಿಗೆ ಸರಿ, ಸಡಿಲ ಮಣ್ಣಿಗೆ ತಪ್ಪು. ಎದ್ದರೆ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಅದು ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಸೀಟಿನ ಹಿಂದಕ್ಕೆ ಕೂತರೆ ಮುಂದಿನ ಚಕ್ರ ಏಳುತ್ತದೆ. ಎರಡಕ್ಕೂ ನಡುವಿನ ದಾರಿ ಎಂದರೆ ಸೀಟಿನ ಮೂತಿಯ ಮೇಲೆ ಕೂತು ಎದೆ ತಗ್ಗಿಸುವುದು. ಗೇರು ಇಳಿಸುವುದು ಏರಿನ ಬುಡದಲ್ಲಿ, ಇನ್ನೂ ಹಗುರವಾಗಿ ತುಳಿಯುತ್ತಿರುವಾಗ. ನಡು ಏರಿನಲ್ಲಿ ಜೀವ ಬಿಟ್ಟು ತುಳಿಯುತ್ತಾ ಬದಲಿಸಿದರೆ ಚೈನು ಕಿರ್ರೆಂದು ಕಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ.

‘21 ಗೇರ್’ ಎಂದರೆ 21 ಬೇರೆ ಬೇರೆ ವೇಗ ಎಂದು ತಿಳಿಯಬೇಡಿ. ಮುಂದಿನ 3, ಹಿಂದಿನ 7 ಗುಣಿಸಿದ ಲೆಕ್ಕ ಅದು. ಹಲವು ಜೋಡಿಗಳು ಹೆಚ್ಚೂಕಮ್ಮಿ ಒಂದೇ, ಕೆಲವು ಚೈನನ್ನು ಓರೆಯಾಗಿ ಎಳೆದು ಸವೆಸುತ್ತವೆ. ಕೆಲಸಕ್ಕೆ ಬರುವುದು ಎರಡು ತುದಿಗಳ ಅಂತರ. ಮುಂದೆ 22 ಹಲ್ಲು, ಹಿಂದೆ 34 ಹಲ್ಲು ಹಾಕಿಕೊಂಡರೆ 26 ಇಂಚಿನ ಚಕ್ರದ ಸೈಕಲ್ ಪೆಡಲ್ಲಿನ ಒಂದು ಪೂರ್ತಿ ಸುತ್ತಿಗೆ ಸುಮಾರು 1.3 ಮೀಟರ್ ಮಾತ್ರ ಹೋಗುತ್ತದೆ. ಬಾರ್ ಸೈಕಲ್ಲು 5 ಮೀಟರ್ ಹೋಗುತ್ತದೆ, ಅದಕ್ಕೇ ಅದನ್ನು ದಿಣ್ಣೆಯಲ್ಲಿ ತಳ್ಳುವುದು.

ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುವಾದದ್ದು 2006-07ರಲ್ಲಿ. ಆಗ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ, ಹಣಕಾಸು ಖಾತೆ ಬಿ.ಎಸ್. ಯಡಿಯೂರಪ್ಪ ಅವರದು. ಕುಮಾರಸ್ವಾಮಿಯವರ ಹುಟ್ಟೂರು ಹರದನಹಳ್ಳಿ ಇರುವುದು ಹೊಳೆನರಸೀಪುರ ತಾಲ್ಲೂಕಿನಲ್ಲೇ. ಆ ಸೈಕಲ್ಲಿಗೆ ಗೇರೂ ಇರಲಿಲ್ಲ, ಸ್ಪ್ರಿಂಗೂ ಇರಲಿಲ್ಲ. ಕೆರೆ ಏರಿ, ಗದ್ದೆ ಬದು, ಜಲ್ಲಿ ರಸ್ತೆ ಹಾದು ಶಾಲೆ ಮುಟ್ಟಿದ ಹುಡುಗಿಯರು ಮೌಂಟನ್ ಬೈಕ್ ತರಬೇತಿಯ ಅರ್ಧ ಪಾಠವನ್ನು ಅದರ ಮೇಲೇ ಮುಗಿಸಿದ್ದಾರೆ ಎಂಬುದು ಈ ಅಂಕಣಕಾರನ ಗಟ್ಟಿ ಅಭಿಪ್ರಾಯ.

ಟೈರಿಗೆ ಕಲ್ಲಿನಂತೆ ಗಾಳಿ ಹೊಡೆಸಿದರೆ ಮಣ್ಣುದಾರಿಯಲ್ಲಿ ವೇಗ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಬಿಗಿ ಟೈರು ಪ್ರತಿ ಕಲ್ಲಿಗೂ ಪುಟಿದು ಸವಾರನನ್ನು ಮೇಲೆತ್ತುತ್ತದೆ, ಶಕ್ತಿ ಅಲ್ಲೇ ಪೋಲು. ಗಾಳಿ ಸ್ವಲ್ಪ ಕಡಿಮೆಯಿದ್ದರೆ ಟೈರು ಕಲ್ಲಿನ ಆಕಾರಕ್ಕೆ ಬಗ್ಗಿ ನೆಲ ಹಿಡಿಯುತ್ತದೆ. ಆದರೆ ಟ್ಯೂಬಿರುವ ಟೈರಿನಲ್ಲಿ ತೀರಾ ಇಳಿಸುವಂತಿಲ್ಲ. ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತದೆ. ಪಂಚರ್ ಅಂಗಡಿಯಲ್ಲಿ ಎರಡು ತೂತು ಒಟ್ಟಿಗೆ ಕಂಡರೆ ಜಾಲಿ ಮುಳ್ಳನ್ನು ಹುಡುಕಬೇಡಿ, ಗಾಳಿ ಕಡಿಮೆಯಾಗಿತ್ತು ಅಷ್ಟೆ.

ಮಳೆಗಾಲದಲ್ಲಿ ರಿಮ್ಮು ಹಿಡಿಯುವ ಬ್ರೇಕು ಮೊದಲ ಒಂದೆರಡು ಸುತ್ತು ಬರೀ ನೀರು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಕ್ರೋಮ್ ಲೇಪದ ಸ್ಟೀಲ್ ರಿಮ್ಮಾದರೆ ಆಗಲೂ ಅನುಮಾನ. ಅಲ್ಯುಮಿನಿಯಂ ಎಷ್ಟೋ ವಾಸಿ. ಇಳಿಜಾರಿಗೆ ಮುಂಚೆ ಬ್ರೇಕನ್ನು ಮೆಲ್ಲಗೆ ತಾಗಿಸಿ ರಿಮ್ಮು ಒಣಗಿಸಿಕೊಳ್ಳುವುದು ಅರೆಮಲೆನಾಡಿನ ಸವಾರರಿಗೆ ರೂಢಿಯಾಗಬೇಕಾದ ಕೆಲಸ.

ಶ್ರವಣಬೆಳಗೊಳದ ವಿಂಧ್ಯಗಿರಿಯಂಥ ಬೋಳು ಬಂಡೆ ಕಂಡರೆ ಮೌಂಟನ್ ಬೈಕ್ ಹುಚ್ಚರ ಕಾಲು ತುರಿಸುತ್ತದೆ. ಅಮೆರಿಕದ ಮೋಅಬ್‌ನಲ್ಲಿ ಬೋಳು ಮರಳುಗಲ್ಲಿನ ಮೇಲೆ ಸವಾರಿ ಮಾಡಲು ದೂರದೂರದಿಂದ ಜನ ಬರುತ್ತಾರೆ. ಒಣಗಿದ ಒರಟು ಬಂಡೆಯ ಹಿಡಿತ ಡಾಂಬರಿಗೇನೂ ಕಡಿಮೆಯಿಲ್ಲ. ಮಳೆ ಬಿದ್ದು ಪಾಚಿ ಕಟ್ಟಿತೋ, ನಿಲ್ಲುವುದೂ ಕಷ್ಟ. ವಿಂಧ್ಯಗಿರಿ ಮಾತ್ರ ಬರಿಗಾಲಲ್ಲಿ ಹತ್ತುವ ಬೆಟ್ಟ. ಸೈಕಲ್ ಕೆಳಗೇ ಇರಲಿ.

ತಳ್ಳಿಬಿಟ್ಟ ಖಾಲಿ ಸೈಕಲ್ ಬೀಳದೆ ಒಂದಷ್ಟು ದೂರ ಹೋಗುವುದು ಯಾಕೆ? ತಿರುಗುವ ಚಕ್ರದ ಬುಗುರಿ ಗುಣದಿಂದ ಎಂದು ಬಹಳ ಕಾಲ ಹೇಳುತ್ತಿದ್ದರು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಆ ಗುಣವನ್ನು ರದ್ದುಮಾಡಲು ಉಲ್ಟಾ ತಿರುಗುವ ಇನ್ನೊಂದು ಚಕ್ರ ಜೋಡಿಸಿ ನೋಡಿದ. ಆಗಲೂ ಓಡಿಸಲು ಬರುತ್ತಿತ್ತು. 2011ರಲ್ಲಿ ಅಮೆರಿಕ ಮತ್ತು ನೆದರ್ಲೆಂಡ್ಸಿನ ವಿಜ್ಞಾನಿಗಳು ಆ ಬುಗುರಿ ಗುಣವೂ ಇಲ್ಲದ, ಫೋರ್ಕಿನ ಓರೆಯಿಂದ ಸಿಗುವ ಅನುಕೂಲವೂ ಇಲ್ಲದ ವಿಚಿತ್ರ ಸೈಕಲ್ ಕಟ್ಟಿದರು. ಅದೂ ತನ್ನಷ್ಟಕ್ಕೆ ನಿಂತೇ ಓಡಿತು! ಭಾರ ಎಲ್ಲೆಲ್ಲಿ ಹಂಚಿಹೋಗಿದೆ ಎಂಬುದೂ ಬೀಳುವ ಕಡೆಗೆ ಹ್ಯಾಂಡಲ್ ತಿರುಗುವಂತೆ ಮಾಡಬಲ್ಲದು. ಒರಟು ದಾರಿಯಲ್ಲಿ ಹ್ಯಾಂಡಲ್ಲನ್ನು ಉಸಿರುಗಟ್ಟುವಂತೆ ಹಿಡಿಯಬೇಡಿ ಎನ್ನುವುದು ಇದಕ್ಕೇ: ತನ್ನನ್ನು ತಾನು ಸರಿಪಡಿಸಿಕೊಳ್ಳಲು ಸೈಕಲ್ಲಿಗೂ ಸ್ವಲ್ಪ ಬಿಡಬೇಕು.

ಮೋಟಾರು ವಾಹನ ಕಾಯ್ದೆಯ ಹೆಲ್ಮೆಟ್ ನಿಯಮ ತುಳಿಯುವ ಸೈಕಲ್ಲಿಗೆ ಅನ್ವಯಿಸುವುದಿಲ್ಲ. ಕಲ್ಲಿಗೆ ಆ ಕಾಯ್ದೆ ಗೊತ್ತಿಲ್ಲ. ಜೋರಾಗಿ ಒಮ್ಮೆ ಬಡಿದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಬೇಕು, ಒಳಗಿನ ಥರ್ಮೋಕೋಲು ಒಮ್ಮೆ ಅದುಮಿದರೆ ಮುಗಿಯಿತು.

ಒಲಿಂಪಿಕ್ಸಿಗೆ ಮೌಂಟನ್ ಬೈಕ್ ಬಂದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಕಡಿದಾದ ಬೆಟ್ಟದಿಂದ ಬರೀ ಇಳಿಯುವ ‘ಡೌನ್‌ಹಿಲ್’ಗೆ ಅಲ್ಲಿ ಇಂದಿಗೂ ಜಾಗವಿಲ್ಲ. ಇರುವುದು ಏರು, ಇಳಿಜಾರು ಎರಡೂ ಬೆರೆತ ಕ್ರಾಸ್‌ಕಂಟ್ರಿ ಮಾತ್ರ. ಏಷ್ಯನ್ ಚಾಂಪಿಯನ್‌ಷಿಪ್ 2023ರ ಅಕ್ಟೋಬರಿನಲ್ಲಿ ನಮ್ಮ ನೆರೆಯ ಕೇರಳದ ಪೊನ್ಮುಡಿಗೆ ಬಂದಿತ್ತು. ಅದಕ್ಕೂ ಮುಂಚೆ, 2022ರಲ್ಲಿ, ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು ಗದಗದ ಬಿಂಕದಕಟ್ಟಿಯಲ್ಲಿ. ವಿಜಯಪುರ, ಬಾಗಲಕೋಟೆ, ಗದಗ ಕಡೆಯವರು ಸೈಕಲ್ ಕ್ರೀಡೆಯನ್ನು ಮನೆಮಾತು ಮಾಡಿಕೊಂಡಿರುವಾಗ ಮಲೆನಾಡಿನ ಸೆರಗಿನ ಹಾಸನ ಸುಮ್ಮನೆ ಕೂತಿರುವುದು ಸೋಜಿಗ. ಕ್ರಾಸ್‌ಕಂಟ್ರಿ ಪಂದ್ಯದ ಒಂದು ಸುತ್ತಿಗೆ ಬೇಕಾಗುವ ದಾರಿ ಬರೀ 4ರಿಂದ 6 ಕಿ.ಮೀ. ಗುಡ್ಡ ಆಕಾಶ ಮುಟ್ಟಬೇಕೆಂದೇನಿಲ್ಲ. ಒಂದು ಕೆರೆ ಏರಿ, ಅದರ ಹಿಂದಿನ ಗೋಮಾಳದ ದಿಣ್ಣೆ, ನಡುವೆ ನಾಲ್ಕು ಕೊರಕಲು, ಒಂದು ನೀಲಗಿರಿ ತೋಪು ಇದ್ದರೆ ಸುತ್ತು ತಯಾರು.